ಕಾಮಗಾರಿ ಕಾಲಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಆರಂಭದಲ್ಲಿ ನಾಲ್ಕು ಸಂಗತಿಗಳನ್ನು ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಕಾಮಗಾರಿ ಶಾಸ್ತ್ರದಲ್ಲಿ ಈ ನಾಲ್ಕೂ ಟೆಂಡರ್ ಕರೆಯುವ ಮೊದಲೇ ಸಿದ್ಧವಾಗಿರುತ್ತವೆ. ವಿಷಯವೆಂದರೆ ರಸ್ತೆ, ಸೇತುವೆ, ಶಾಲಾ ಕೊಠಡಿ, ಇಲ್ಲವೇ ಚರಂಡಿ. ಪ್ರಯೋಜನವೆಂದರೆ ಬಿಲ್ಲು. ಸಂಬಂಧದ ಬಗ್ಗೆ ವಿಸ್ತರಿಸದಿರುವುದು ಕ್ಷೇಮ. ಅಧಿಕಾರಿ ಕಾರ್ಯಪಾಲಕ ಎಂಜಿನಿಯರ್. ವೇದಾಂತ ಓದುವ ಅಧಿಕಾರಿಗೆ ವೈರಾಗ್ಯ ಇರಲೇಬೇಕೆಂಬ ನಿಯಮವುಂಟು. ಇಲ್ಲಿ ಆ ಕೊರತೆಯನ್ನು ವರ್ಗಾವಣೆ ಆದೇಶ ತುಂಬಿಕೊಡುತ್ತದೆ.

ಗುತ್ತಿಗೆ ಕರಾರಿನ ಪುಟ ತಿರುವುವ ಪಾಮರರಿಗೆ ಇಎಂಡಿ, ಎಸ್‌ಆರ್, ಎಂಬಿ, ಆರ್‌ಎ ಬಿಲ್, ಇಒಟಿ, ಎಲ್‌ಡಿ, ಡಿಎಲ್‌ಪಿ ಎಂಬ ಬೀಜಾಕ್ಷರಗಳು ಎದುರಾಗುತ್ತವೆ. ಇವೆಲ್ಲ ಸಿಮೆಂಟು, ಕಬ್ಬಿಣ, ಜಲ್ಲಿಯ ವಿಚಾರವಿರಬೇಕೆಂದು ಅವರು ಊಹಿಸುತ್ತಾರೆ. ಊಹೆ ತಪ್ಪು. ಸಿಮೆಂಟಿನ ವಿಚಾರ ಕರಾರಿನ ಹಿಂಭಾಗದ ಅನುಬಂಧದಲ್ಲಿ ಅಡಗಿರುತ್ತದೆ. ಮುಂಭಾಗದಲ್ಲಿ ಇರುವುದೆಲ್ಲ ಕಾಲದ ಚರ್ಚೆ: ಯಾವಾಗ ಶುರು, ಯಾವಾಗ ಮುಗಿತಾಯ, ಮುಗಿಯದಿದ್ದರೆ ಯಾರ ತಪ್ಪು, ತಪ್ಪು ಯಾರದೂ ಅಲ್ಲವೆಂದು ತೀರ್ಮಾನಿಸಲು ಎಷ್ಟು ದಿನ. ಹೀಗಾಗಿ ಈ ಪ್ರಬಂಧದ ಸಿದ್ಧಾಂತ ಒಂದೇ. ಹೊರಗಿನ ಲೋಕದಲ್ಲಿ ಕಾಲ ಹರಿಯುತ್ತದೆ. ಗುತ್ತಿಗೆಯಲ್ಲಿ ಅದು ಮಂಜೂರಾಗುತ್ತದೆ.

ಇದಕ್ಕೆ ಪೂರ್ವಪಕ್ಷವಿದೆ. ಪ್ರತಿ ಕರಾರಿನಲ್ಲೂ ಮುಕ್ತಾಯದ ದಿನಾಂಕ ಇದ್ದೇ ಇರುತ್ತದಲ್ಲ, ‘ಕಾಲವೇ ಈ ಒಪ್ಪಂದದ ಸಾರ’ ಎಂಬ ಗಂಭೀರ ಕಲಮೂ ಇರುತ್ತದಲ್ಲ, 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮು ಇದನ್ನೇ ಅಲ್ಲವೇ ಹೇಳುವುದು ಎಂದು ಎದುರಾಳಿ ಕೇಳಬಹುದು. ಕೇಳಲಿ. ನಾಸಿಕದ ಕಡೆಯ ಕಾಲುವೆಯೊಂದಕ್ಕೆ ನದಿಯ ಮೇಲೆ ಮೇಲ್ಗಾಲುವೆ ಕಟ್ಟುವ ಗುತ್ತಿಗೆಯನ್ನು 1955ರಲ್ಲಿ 12 ತಿಂಗಳ ಗಡುವಿನೊಂದಿಗೆ ಕೊಡಲಾಗಿತ್ತು. ಗಡುವು ಮೀರಿತೆಂದು ಸರ್ಕಾರ ಗುತ್ತಿಗೆ ರದ್ದು ಮಾಡಿತು. ಹಿಂದ್ ಕನ್ಸ್‌ಟ್ರಕ್ಷನ್ ಕಾಂಟ್ರಾಕ್ಟರ್ಸ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯವನ್ನು ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಮಾನಿಸಿತು. ತರ್ಕ ಇಷ್ಟೇ: ಅವಧಿ ವಿಸ್ತರಿಸುವ ಕಲಮೂ ತಡವಾದ ದಿನಕ್ಕಿಷ್ಟು ದಂಡವೆಂಬ ಕಲಮೂ ಅದೇ ಕರಾರಿನಲ್ಲಿದ್ದರೆ, ಕಾಲವೇ ಸಾರ ಎಂಬ ಕಲಮಿಗೆ ಬಲವಿಲ್ಲ. ತಡವಾದರೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟವರು ತಡವನ್ನು ಮೊದಲೇ ಒಪ್ಪಿಕೊಂಡವರು. ಕಾನೂನು ದೃಷ್ಟಿಯಿಂದ ಇದು ನಿರ್ದೋಷವಾದ ವಾದ. ವಿಸ್ತರಣೆಯ ಕಲಮಿಲ್ಲದ ಸರ್ಕಾರಿ ಕರಾರನ್ನು ಹುಡುಕಿಕೊಂಡು ಹೊರಟ ಸಂಶೋಧಕರು ಇನ್ನೂ ಹಿಂತಿರುಗಿಲ್ಲ.

ಇದಕ್ಕಿಂತ ಪುರಾತನವಾದ ಆಧಾರ ಲಿವರ್‌ಪೂಲ್‌ನಲ್ಲಿದೆ. ಅಲ್ಲಿ ಬಿಯರ್ ತಯಾರಿಸುವ ಕಟ್ಟಡವೊಂದರ ಮರಗೆಲಸವನ್ನು ನಾಲ್ಕೂವರೆ ತಿಂಗಳಲ್ಲಿ ಮುಗಿಸುವುದಾಗಿ ಬಡಗಿಗಳು ಒಪ್ಪಿದ್ದರು. ಮಾಲೀಕರು ಜಾಗ ಬಿಟ್ಟುಕೊಡುವಾಗಲೇ ನಾಲ್ಕು ವಾರ ತಡ. ಕೆಲಸವೂ ತಡವಾಯಿತು, ಮಾಲೀಕರು ದಂಡ ಹಿಡಿದುಕೊಂಡರು. ಹೋಮ್ ಮತ್ತು ಗಪಿ ನಡುವಿನ ಈ ಮೊಕದ್ದಮೆಯಲ್ಲಿ 1838ರಲ್ಲಿ ನ್ಯಾಯಾಲಯ ಹೇಳಿತು: ತಡಕ್ಕೆ ನೀವೇ ಕಾರಣರಾದ ಮೇಲೆ ಹಳೆಯ ಗಡುವು ಬಿದ್ದುಹೋಯಿತು, ಹೊಸದನ್ನು ಯಾರೂ ನಿಗದಿ ಮಾಡಿಲ್ಲ, ಆದ್ದರಿಂದ ದಂಡವಿಲ್ಲ. ಕರಾರಿನ ಪಂಡಿತರು ಇದನ್ನು ‘ಕಾಲ ಬಯಲಿಗೆ ಬೀಳುವುದು’ ಎನ್ನುವ ಅರ್ಥದಲ್ಲಿ ಬಣ್ಣಿಸುತ್ತಾರೆ. ಜಗತ್ತಿನ ಎಲ್ಲ ಕರಾರುಗಳಲ್ಲೂ ಇಂದು ಅವಧಿ ವಿಸ್ತರಣೆಯ ಕಲಮು ಇರುವುದು ಗುತ್ತಿಗೆದಾರನ ಮೇಲಿನ ಕನಿಕರದಿಂದಲ್ಲ. ಬಯಲಿಗೆ ಬಿದ್ದ ಕಾಲವನ್ನು ಕೊರಳಿಗೆ ಹಗ್ಗ ಹಾಕಿ ಮಾಲೀಕನ ಕೊಟ್ಟಿಗೆಗೆ ಮರಳಿ ತರಲು. ಭೂಸ್ವಾಧೀನ ಮುಗಿಯದೆ ಗುದ್ದಲಿ ಪೂಜೆ ಮುಗಿಸುವ ನಮ್ಮ ಪದ್ಧತಿಗೆ ಮೂಲಪುರುಷರು ಬಿಯರ್ ಮಾಡುತ್ತಿದ್ದರೆಂಬುದು ಇತಿಹಾಸಕಾರರು ಗಮನಿಸಬೇಕಾದ ಸಂಗತಿ.

ಟೆಂಡರ್ ಖಂಡವನ್ನು ಇಲ್ಲಿ ಬೇಗ ದಾಟಬಹುದು. ಕರ್ನಾಟಕದಲ್ಲಿ ಅದಕ್ಕೆ 1999ರ ಪಾರದರ್ಶಕತೆ ಕಾಯ್ದೆ ಆಧಾರ. ಟೆಂಡರ್ ಕಡ್ಡಾಯವೆನ್ನುವ ಆ ಕಾಯ್ದೆಯಲ್ಲೇ ಟೆಂಡರ್ ಬೇಡವೆನ್ನುವ 4(ಜಿ) ಎಂಬ ಹಿತ್ತಿಲ ಬಾಗಿಲೂ ಉಂಟು. ಒಂದೇ ಕೆಲಸವನ್ನು ತುಂಡು ತುಂಡಾಗಿ ಕತ್ತರಿಸಿ ಹಂಚುವ ತುಂಡು ಗುತ್ತಿಗೆ ಪಂಥ ಈ ಬಾಗಿಲಿಗೂ ಹೋಗದೆ ಕಿಟಕಿಯಲ್ಲೇ ತೃಪ್ತವಾಗಿದೆ. ಎಲ್-1 ಎಂಬ ಪದಕ್ಕೆ ಮಾತ್ರ ಒಂದು ಮಾತು ಸಲ್ಲಬೇಕು. ಎಸ್‌ಆರ್ ಎಂಬ ಸರ್ಕಾರಿ ದರಪಟ್ಟಿಯಿಂದ ಎಲ್ಲರಿಗಿಂತ ಕೆಳಗೆ ಇಳಿದವರು ಎಲ್-1. ಲಾಭವಿಲ್ಲದೆ ದುಡಿಯುತ್ತೇನೆಂದು ಬರವಣಿಗೆಯಲ್ಲಿ ಕೊಟ್ಟವರನ್ನೇ ಅತ್ಯಂತ ನಂಬಿಕಸ್ತರೆಂದು ಆರಿಸುವ ಈ ನಿಷ್ಕಾಮ ಕರ್ಮಯೋಗ ಬೇರೆ ಯಾವ ಶಾಸ್ತ್ರದಲ್ಲೂ ಇಷ್ಟು ಕಟ್ಟುನಿಟ್ಟಾಗಿ ಆಚರಣೆಗೆ ಬಂದಿಲ್ಲ.

ಪ್ರಮಾಣಗಳ ವಿಚಾರದಲ್ಲಿ ಕಾಮಗಾರಿ ಶಾಸ್ತ್ರ ನೈಯಾಯಿಕರನ್ನು ಮೀರಿಸಿದೆ. ಅವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಕ್ಕೆ ನಿಂತರು. ಇವರದು ಐದನೆಯದು, ಎಂಬಿ. ಈ ಅಳತೆ ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಬಿದ್ದಿರುತ್ತದೆ, ಹಾಳೆ ಹರಿಯುವಂತಿಲ್ಲ, ಶಾಯಿಯಲ್ಲೇ ಬರೆಯಬೇಕು, ಅಳಿಸುವಂತಿಲ್ಲ, ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಕಣ್ಣಿಗೆ ಕಾಣುವ ರಸ್ತೆ ಎಂಬಿಯಲ್ಲಿ ಇಲ್ಲದಿದ್ದರೆ ಅದು ಭ್ರಮೆ. ಎಂಬಿಯಲ್ಲಿರುವ ರಸ್ತೆ ಕಣ್ಣಿಗೆ ಕಾಣದಿದ್ದರೆ ದೋಷ ಕಣ್ಣಿನದು.

ಮುಂದಿನದು ಯೋಜನಾ ಪಟ. ಗೋಡೆಗೆ ನೇತುಹಾಕುವ ಬಣ್ಣದ ಪಟ್ಟಿಗಳ ಚಿತ್ರಕ್ಕೆ ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ಹೆಸರು ಬಂದಿದೆ. ಆತ ಅದನ್ನು 1910ರ ದಶಕದಲ್ಲಿ ರೂಢಿಗೆ ತಂದ. ಪೋಲೆಂಡಿನ ಕಾರೊಲ್ ಅದಮೀಟ್ಸ್ಕಿ ಅಂಥದೇ ಪಟವನ್ನು 1896ರಲ್ಲೇ ಮಾಡಿಕೊಂಡಿದ್ದ, ಆದರೆ ಲೋಕಕ್ಕೆ ತಿಳಿಯುವಂತೆ ಪ್ರಕಟಿಸಲು ದಶಕಗಳು ಹಿಡಿದವು. ಕೆಲಸಗಳನ್ನು ಸಕಾಲಕ್ಕೆ ಮುಗಿಸುವ ಉಪಾಯ ಕಂಡುಹಿಡಿದವನೇ ಹೀಗೆ ತಡಮಾಡಿದ್ದು ಶಾಸ್ತ್ರದ ಮಂಗಳಾಚರಣೆಗೆ ತಕ್ಕದ್ದಾಗಿದೆ. 1957ರ ಸುಮಾರಿಗೆ ಡುಪಾಂಟ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಗಳವರು ಸೇರಿ ಕ್ರಿಟಿಕಲ್ ಪಾತ್ ಎಂಬ ಲೆಕ್ಕವನ್ನು ತಂದರು. ಸಾವಿರ ಕೆಲಸಗಳಲ್ಲಿ ಯಾವ ಸರಣಿ ಒಂದು ದಿನ ಜಾರಿದರೆ ಇಡೀ ಯೋಜನೆಯೇ ಒಂದು ದಿನ ಜಾರುತ್ತದೋ ಅದು ಕ್ರಿಟಿಕಲ್ ಪಾತ್. ಉಳಿದ ಕೆಲಸಗಳಿಗೆ ಒಂದಿಷ್ಟು ಬಿಡುವು ಇರುತ್ತದೆ, ಅದರ ಹೆಸರು ಫ್ಲೋಟ್.

ಈ ಫ್ಲೋಟ್ ಎಂಬ ಸುಮ್ಮನೆ ಕೂರುವ ಕಾಲ ಯಾರ ಆಸ್ತಿ? ನಗಬೇಡಿ, ಇದರ ಮೇಲೆ ನಿಜಕ್ಕೂ ವ್ಯಾಜ್ಯಗಳು ನಡೆದಿವೆ. ಮಾಲೀಕ ಬಿಡುವನ್ನು ತಾನು ತಿಂದರೆ ಗುತ್ತಿಗೆದಾರನಿಗೆ ಉಳಿಯದು, ಇವನು ತಿಂದರೆ ಅವನಿಗಿಲ್ಲ. ಬ್ರಿಟನ್ನಿನ ನಿರ್ಮಾಣ ಕಾನೂನು ಸಂಘ 2002ರ ತನ್ನ ಮಾರ್ಗಸೂಚಿಯಲ್ಲಿ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಅದು ಯೋಜನೆಯ ಸೊತ್ತು ಎಂದಿತು. ಅಂದರೆ ಮೊದಲು ಬಂದವರು ಮೊದಲು ಕೂರಬಹುದು. ಇಬ್ಬರೂ ಒಟ್ಟಿಗೆ ತಡಮಾಡಿದರೆ, ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದ ಆ ಸಂದರ್ಭದಲ್ಲಿ, ಗುತ್ತಿಗೆದಾರನಿಗೆ ಸಮಯ ಸಿಗುತ್ತದೆ, ತಡದ ಖರ್ಚು ಸಿಗುವುದಿಲ್ಲ ಎಂಬುದು ಅದೇ ಮಾರ್ಗಸೂಚಿಯ ನಿಲುವು.

ಅಂತರರಾಷ್ಟ್ರೀಯ ಶಾಖೆಯವರು ಫಿಡಿಕ್ ಸಂಪ್ರದಾಯಸ್ಥರು. 1913ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಹುಟ್ಟಿದ ಈ ಸಲಹಾ ಎಂಜಿನಿಯರುಗಳ ಒಕ್ಕೂಟ 1957ರಲ್ಲಿ ತನ್ನ ಮೊದಲ ಕೆಂಪು ಪುಸ್ತಕವನ್ನು ಹೊರತಂದಿತು. ಆಮೇಲೆ ಹಳದಿ, ಬೆಳ್ಳಿ, ಹಸಿರು ಬಂದವು. ಕೆಂಪಿನಲ್ಲಿ ನಕ್ಷೆಯ ತಲೆನೋವು ಮಾಲೀಕನದು, ಹಳದಿಯಲ್ಲಿ ಗುತ್ತಿಗೆದಾರನದು, ಬೆಳ್ಳಿಯಲ್ಲಿ ಬಹುಪಾಲು ಎಲ್ಲವೂ ಗುತ್ತಿಗೆದಾರನದೇ. 1999ರ ಆವೃತ್ತಿಯ 20.1ನೇ ಕಲಮಿನ ಪ್ರಕಾರ, ಹೆಚ್ಚಿನ ಹಣವೋ ಸಮಯವೋ ಬೇಕಾದ ಸಂಗತಿ ತಿಳಿದ 28 ದಿನದೊಳಗೆ ಗುತ್ತಿಗೆದಾರ ನೋಟಿಸು ಕೊಡಬೇಕು; ಇಲ್ಲವಾದರೆ ಹಕ್ಕು ಹೋಯಿತು. ಕಾಂಕ್ರೀಟಿನ ಬಲವನ್ನು ಅಳೆಯುವುದೂ 28ನೇ ದಿನ. ಕಾಂಕ್ರೀಟು ಗಟ್ಟಿಯಾಗುವ ಅಷ್ಟೇ ದಿನದಲ್ಲಿ ಹಕ್ಕು ಸಡಿಲವಾಗುವುದಕ್ಕೆ ಕಾರಣವೇನೆಂಬುದರ ಮೇಲೆ ಎರಡು ಭಾಷ್ಯಗಳಿವೆ, ಎರಡೂ ಬಲಹೀನ.

ದೈವಾಧೀನ ಪ್ರಕರಣ, ಅಂದರೆ ಫೋರ್ಸ್ ಮಜೂರ್, ವಿಶೇಷ ಗಮನಕ್ಕೆ ಅರ್ಹ. ಯಾರೂ ಊಹಿಸಲಾಗದ, ಯಾರೂ ತಡೆಯಲಾಗದ ಘಟನೆ ಅದು. 2020ರ ಫೆಬ್ರುವರಿ 19ರಂದು ಕೇಂದ್ರದ ವೆಚ್ಚ ಇಲಾಖೆ, ಕೊರೊನಾದಿಂದ ಪೂರೈಕೆ ಸರಪಳಿಗೆ ಬಿದ್ದ ಪೆಟ್ಟನ್ನು ನೈಸರ್ಗಿಕ ವಿಪತ್ತೆಂದು ಪರಿಗಣಿಸಿ ಈ ಕಲಮನ್ನು ಬಳಸಬಹುದೆಂದು ಸುತ್ತೋಲೆ ಕಳಿಸಿತು. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಮಳೆಗಾಲದ ಬಗ್ಗೆ. ಕರಾವಳಿಗೆ ಜೂನ್ ತಿಂಗಳಲ್ಲಿ ಮಳೆ ಬರುತ್ತದೆಂಬುದು ಪಂಚಾಂಗಕ್ಕೆ ಗೊತ್ತು, ಹವಾಮಾನ ಇಲಾಖೆಗೆ ಗೊತ್ತು, ಕಪ್ಪೆಗೂ ಗೊತ್ತು. ಗೊತ್ತಿಲ್ಲದಿರುವುದು ಕಾಮಗಾರಿಗೆ ಮಾತ್ರ. ಏಪ್ರಿಲ್‌ನಲ್ಲಿ ಅಗೆದ ಚರಂಡಿ ಜೂನ್‌ನಲ್ಲಿ ಕೆರೆಯಾದಾಗ ‘ಅನಿರೀಕ್ಷಿತ ಮಳೆ’ ಎಂಬ ನುಡಿಗಟ್ಟು ಅವಧಿ ವಿಸ್ತರಣೆಯ ಅರ್ಜಿಯಲ್ಲಿ ಪ್ರತಿವರ್ಷವೂ ಮೊದಲ ಬಾರಿಗೆ ಅರಳುತ್ತದೆ.

ಉದಾಹರಣೆಗಳಿಲ್ಲದೆ ಶಾಸ್ತ್ರ ನಿಲ್ಲದು. ಸಿಡ್ನಿಯ ಒಪೆರಾ ಹೌಸ್ ಈ ಪರಂಪರೆಯ ಮಹಾಕಾವ್ಯ. ನಕ್ಷೆ ಪೂರ್ತಿಯಾಗುವ ಮೊದಲೇ 1959ರಲ್ಲಿ ಕೆಲಸ ಶುರು. 1963ಕ್ಕೆ ಮುಗಿಯಬೇಕಿದ್ದುದು 1973ಕ್ಕೆ ಮುಗಿಯಿತು. 7 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್ ಅಂದಾಜು 102 ಮಿಲಿಯನ್ ಆಯಿತು. ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ 1966ರಲ್ಲೇ ಜಗಳವಾಡಿ ಹೊರಟುಹೋದವನು ಮುಗಿದ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ. ನಮ್ಮ ಕಡೆಯ ಖಂಡಕಾವ್ಯವೆಂದರೆ ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ. 2010ರಲ್ಲಿ ಶುರುವಾಗಿ 2020ರ ಜನವರಿ 31ರಂದು ಸಂಚಾರಕ್ಕೆ ತೆರೆದುಕೊಂಡಿತು. ನಡುವೆ ಎಷ್ಟು ಗಡುವುಗಳು ಬಂದು ಹೋದವೆಂದರೆ, ಸೇತುವೆಗಿಂತ ಮೊದಲು ಅದರ ಮೇಲಿನ ಹಾಸ್ಯಸಾಹಿತ್ಯ ಲೋಕಾರ್ಪಣೆಯಾಯಿತು. ಮದುವೆಯಾಗದ ಹುಡುಗರಿಂದ ಹಿಡಿದು ಪರೀಕ್ಷೆ ಪಾಸಾಗದವರವರೆಗೆ ಎಲ್ಲರಿಗೂ ಪಂಪ್‌ವೆಲ್ ಒಂದು ಆಸರೆಯಾಗಿತ್ತು. ಬೆಂಗಳೂರಿನ ಈಜಿಪುರದಲ್ಲಿ 2017ರಲ್ಲಿ ಶುರುವಾದ ಮೇಲ್ಸೇತುವೆ 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಮುಗಿದದ್ದು ಗುತ್ತಿಗೆ, ಅದೂ ರದ್ದಾಗಿ. ಮಾರನೆಯ ವರ್ಷ ಹೊಸ ಗುತ್ತಿಗೆದಾರರು, ಹೊಸ ಗಡುವು.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1930ರ ಮಾರ್ಚ್‌ನಲ್ಲಿ ಶುರುವಾಗಿ 1931ರ ಮೇ 1ರಂದು ಉದ್ಘಾಟನೆಯಾಯಿತು, 102 ಅಂತಸ್ತು, ಹದಿಮೂರು ತಿಂಗಳು ಚಿಲ್ಲರೆ. ಇದು ಅಪವಾದವಾದ್ದರಿಂದ ಈ ಪ್ರಬಂಧ ಇದನ್ನು ಪರಿಗಣಿಸುವುದಿಲ್ಲ.

ವೇರಿಯೇಷನ್, ಎಂದರೆ ಕೆಲಸದ ನಡುವೆ ಮನಸ್ಸು ಬದಲಾಯಿಸುವುದು, ಸಾಮಾನ್ಯವಾಗಿ ನಿಂದೆಗೆ ಗುರಿಯಾಗಿದೆ. ಆದರೆ ವಿಧಾನಸೌಧವೇ ಒಂದು ವೇರಿಯೇಷನ್. ಕೆ.ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಇಟ್ಟರು. ಮುಂದಿನ ವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಸಾದಾ ಕಚೇರಿ ಕಟ್ಟಡದ ಯೋಜನೆಯನ್ನು ಬದಿಗಿಟ್ಟು ಕಲ್ಲಿನ ಅರಮನೆಯಂಥದನ್ನೇ ಎಬ್ಬಿಸಿದರು. 1956ರಲ್ಲಿ ಕೆಲಸ ಮುಗಿಯಿತು. ಖರ್ಚಿನ ಬಗ್ಗೆ ಆಗ ಎದ್ದ ಕೂಗು ಸಣ್ಣದಲ್ಲ. ಅದರ ಮುಖಮಂಟಪದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿಸಿದ್ದನ್ನು ಮುಂದಿನ ತಲೆಮಾರುಗಳ ಎಂಜಿನಿಯರುಗಳು ಸೂಕ್ಷ್ಮವಾಗಿ ಓದಿಕೊಂಡಿದ್ದಾರೆ. ದೇವರ ಕೆಲಸಕ್ಕೆ ಮುಕ್ತಾಯದ ದಿನಾಂಕವಿದ್ದ ಉಲ್ಲೇಖ ಯಾವ ಪುರಾಣದಲ್ಲೂ ಇಲ್ಲ.

ಖಾಸಗಿ ಮನೆಗಳ ಶಾಖೆಯಲ್ಲಿ ಶಾಸ್ತ್ರ ಬಾಯಿಪಾಠದ್ದು. ಅಲ್ಲಿ ಅಳತೆ ‘ಚದರ’, ಅಂದರೆ ನೂರು ಚದರಡಿ. ಕರಾರು ಮೇಸ್ತ್ರಿಯ ಡೈರಿಯ ಒಂದು ಹಾಳೆ. ತಾರಸಿಗೆ ಮೌಲ್ಡ್ ಹಾಕಿದ ಮಾರನೆಯ ದಿನ ಮನೆಯೊಡೆಯ ಕೇಳುತ್ತಾನೆ: “ಮೇಸ್ತ್ರಿ, ಇನ್ನೆಷ್ಟು ದಿನ?” ಉತ್ತರ ನಾಡಿನಾದ್ಯಂತ ಒಂದೇ: “ಮುಗೀತಲ್ಲ ಸಾರ್, ಫಿನಿಶಿಂಗ್ ಒಂದೇ ಬಾಕಿ.” ಈ ಒಂದರೊಳಗೆ ಗಾರೆ, ಟೈಲ್ಸು, ಬಾಗಿಲು ಕಿಟಕಿ, ವೈರಿಂಗು, ನಲ್ಲಿ, ಬಣ್ಣ, ಗ್ರಿಲ್ಲು, ಸಂಪು, ಊರಿಗೆ ಹೋದ ಬಡಗಿ ಮತ್ತು ಅವನ ತಂಗಿಯ ಮದುವೆ ಅಡಕವಾಗಿವೆ. ಅದ್ವೈತವೆಂದರೆ ಇದೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯಲ್ಲಿ ಮನೆ ಮೊದಲು ಬಂದಿರುವುದಕ್ಕೂ ಕಾರಣವಿದೆ: ಮದುವೆಗೆ ಮುಹೂರ್ತವಿದೆ, ಮನೆಗೆ ಮೇಸ್ತ್ರಿ ಇದ್ದಾನೆ.

ಆ ಮುಹೂರ್ತವೇ ಕೊನೆಗೆ ಮೇಸ್ತ್ರಿಯನ್ನೂ ಮಣಿಸುವುದು. ಮುಂದೆ ಆಷಾಢ ಬರುತ್ತದೆ, ಅದರೊಳಗೆ ಗೃಹಪ್ರವೇಶ ಆಗಲೇಬೇಕೆಂದು ಪುರೋಹಿತರು ದಿನ ಬರೆದುಕೊಟ್ಟರೆ, ಆವರೆಗೆ ನಾಪತ್ತೆಯಾಗಿದ್ದ ಬಣ್ಣದವರು, ಪ್ಲಂಬರು, ಎಲೆಕ್ಟ್ರಿಷಿಯನ್ನರು ಒಂದೇ ರಾತ್ರಿ ಒಂದೇ ಕೋಣೆಯಲ್ಲಿ ಪ್ರತ್ಯಕ್ಷರಾಗುತ್ತಾರೆ. ಕ್ರಿಟಿಕಲ್ ಪಾತ್ ಸಾಧಿಸಲಾಗದ್ದನ್ನು ಪಂಚಾಂಗ ಸಾಧಿಸುತ್ತದೆ, ಯಾಕೆಂದರೆ ಲಗ್ನಕ್ಕೆ ಅವಧಿ ವಿಸ್ತರಣೆ ಮಂಜೂರು ಮಾಡುವ ಅಧಿಕಾರಿ ಯಾವ ಇಲಾಖೆಯಲ್ಲೂ ಇಲ್ಲ. ಹಾಲು ಉಕ್ಕಿದ ಮಾರನೆಯ ದಿನ ಎಲ್ಲರೂ ಮತ್ತೆ ಮಾಯ. ಮಹಡಿಯ ಗ್ರಿಲ್ಲು ಬಾಕಿ.

ಉಳಿದದ್ದು ದೋಷ ಹೊಣೆಗಾರಿಕೆ ಅವಧಿ. ಮುಗಿದ ಕೆಲಸದಲ್ಲಿ ಬಿರುಕೋ ಗುಂಡಿಯೋ ಕಾಣಿಸಿಕೊಂಡರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಅದು. ಬಿಲ್ಲುಗಳಿಂದ ಮುರಿದಿಟ್ಟುಕೊಂಡ ರಿಟೆನ್ಷನ್ ಹಣ ಅದಕ್ಕೆ ಒತ್ತೆ. ರಸ್ತೆಯ ಗುಂಡಿಗಳು ಈ ಅವಧಿ ಮುಗಿದ ಮೇಲೆಯೇ ಬಾಯಿ ತೆರೆಯುತ್ತವೆಂಬ ಜನಾಭಿಪ್ರಾಯವನ್ನು ಗುಂಡಿಗಳು ಈವರೆಗೆ ನಿರಾಕರಿಸಿಲ್ಲ.

ಒತ್ತೆ ಹಣವೂ ಬರಲಿಲ್ಲ, ಇಒಟಿ ಎಂಬ ಅವಧಿ ವಿಸ್ತರಣೆಯೂ ಸಿಗಲಿಲ್ಲ ಎಂದಾಗ ಪ್ರಕರಣ ಮಧ್ಯಸ್ಥಿಕೆಗೆ ಹೋಗುತ್ತದೆ. ಮಧ್ಯಸ್ಥಗಾರರು ವರ್ಷಗಟ್ಟಲೆ ಎಳೆಯುತ್ತಾರೆಂಬ ದೂರಿಗೆ ಉತ್ತರವಾಗಿ ಸಂಸತ್ತು 2015ರಲ್ಲಿ 1996ರ ಮಧ್ಯಸ್ಥಿಕೆ ಕಾಯ್ದೆಗೆ 29ಎ ಎಂಬ ಕಲಮನ್ನು ಸೇರಿಸಿ, ತೀರ್ಪಿಗೆ 12 ತಿಂಗಳ ಗಡುವು ಹಾಕಿತು. 2019ರಲ್ಲಿ ಆ 12 ತಿಂಗಳನ್ನು ದೇಶದೊಳಗಿನ ಪ್ರಕರಣಗಳಿಗೆ ವಾದಪತ್ರಗಳು ಮುಗಿದ ದಿನದಿಂದ ಎಣಿಸಬೇಕೆಂದು ತಿದ್ದಿದರು. ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು ಹೆಚ್ಚಿಗೆ; ಅದೂ ಸಾಲದಿದ್ದರೆ ನ್ಯಾಯಾಲಯ ಇನ್ನಷ್ಟು ಕೊಡಬಹುದು. ಹಾಗೆ ಕೇಳುವ ಅರ್ಜಿಯನ್ನು ಗಡುವು ಮುಗಿಯುವುದರೊಳಗೇ ಹಾಕಬೇಕೇ ಎಂಬ ಪ್ರಶ್ನೆ ಹೈಕೋರ್ಟುಗಳನ್ನು ಕೆಲಕಾಲ ಎರಡಾಗಿ ಒಡೆದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಬಗೆಹರಿಸಿತು: ಅವಧಿ ಮುಗಿದ ಮೇಲೂ ಅವಧಿ ವಿಸ್ತರಣೆ ಕೇಳಬಹುದು.