ಲಂಡನ್ನಿನ ಬಸುರಿ: ಒಂದು ಪ್ರಮಾಣ ಮೀಮಾಂಸೆ

ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿರಲೇಬೇಕು ಎನ್ನುವುದು ನೈಯಾಯಿಕರ ಹಳೆಯ ಉದಾಹರಣೆ. ರೈಲಿನ ಬಾಗಿಲಲ್ಲಿ ಮೊದಲು ಹೊಟ್ಟೆ, ಆಮೇಲೆ ಅದರ ಒಡತಿ ಪ್ರವೇಶ ಮಾಡಿದರೆ ಆಕೆ ಬಸುರಿ ಎಂದು ತೀರ್ಮಾನಿಸಬಹುದೆ? ಧಾರಾಳವಾಗಿ, ಎನ್ನುತ್ತದೆ ತಿಪಟೂರು. ಕೂಡದು, ಎನ್ನುತ್ತದೆ ಲಂಡನ್. ಈ ಎರಡು ದರ್ಶನಗಳ ಭೇದವನ್ನು ಪರಿಶೀಲಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಸಂಶೋಧಕಿಯು ಆಕರಸಾಮಗ್ರಿಯನ್ನು ಎಲ್ಲಿಂದಲೂ ಎರವಲು ತಂದಿಲ್ಲ, ಹೋದಲ್ಲೆಲ್ಲ ಹೊತ್ತುಕೊಂಡೇ ತಿರುಗಿದ್ದಾಳೆ. ಬರೆಯುವಾಗ ಸದರಿ ಸಾಮಗ್ರಿಯು ಒಳಗಿನಿಂದ ಒದೆಯುತ್ತಿದ್ದ ಕಾರಣ ಅಲ್ಲಲ್ಲಿ ತರ್ಕ ಜಾರಿದ್ದರೆ ವಿದ್ವಾಂಸರು ಮನ್ನಿಸಬೇಕು.

ತಿಪಟೂರು ದರ್ಶನದಲ್ಲಿ ಗರ್ಭವೆಂಬುದು ಊರಿನ ಸಾಮಾನ್ಯ ಜ್ಞಾನ. ಒಂದು ಹೊತ್ತು ಊಟ ಬೇಡವೆಂದರೆ ಎದುರುಮನೆಯವರಿಗೆ ಅನುಮಾನ. ಮಾರನೆಯ ದಿನ ಮಾವಿನಕಾಯಿ ಕೇಳಿದರೆ ನಿರ್ಣಯ. ಬಸ್ಸು ಹತ್ತಿದರೆ ಕಂಡಕ್ಟರು "ಏಳ್ರೀ ಸ್ವಾಮಿ, ಬಸುರಿ ಹೆಂಗಸು ನಿಂತವ್ಳೆ, ಕಣ್ಣು ಕಾಣಾಕಿಲ್ವಾ?" ಎಂದು ಹಿಂದಿನ ಸೀಟಿಗೂ ಕೇಳುವಂತೆ ಘೋಷಿಸುತ್ತಾನೆ. ಸೀಟು ಸಿಗುತ್ತದೆ. ಎಷ್ಟನೇ ತಿಂಗಳು, ಮೊದಲನೆಯದಾ, ತವರು ಎಲ್ಲಿ ಎಂಬ ಮೌಖಿಕ ಪರೀಕ್ಷೆಯೂ ಅಲ್ಲೇ ಮುಗಿಯುತ್ತದೆ.

ಲಂಡನ್ನಿನದು ಬೇರೆ ಸಂಪ್ರದಾಯ. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿಗೆ ಮೊದಲ ನೆಲದಡಿ ರೈಲು ಓಡಿದಂದಿನಿಂದ ಇಲ್ಲಿನವರು ಎದುರಿಗೆ ಕೂತವರನ್ನು ನೋಡದಿರುವ ವಿದ್ಯೆಯನ್ನು ವಂಶಪಾರಂಪರ್ಯವಾಗಿ ಸಾಧಿಸಿದ್ದಾರೆ. ಇದು ನಿರ್ದಯೆಯಲ್ಲ, ಭಯ. ಬಸುರಿಯೆಂದು ಎದ್ದು ನಿಂತು, ಆಕೆ ಬಸುರಿಯಲ್ಲದೆ ಬರೀ ದಪ್ಪಗಿದ್ದಳೆಂದು ತಿಳಿದರೆ, ಆಂಗ್ಲ ಗೃಹಸ್ಥನು ಆ ಲೈನಿನಲ್ಲಿ ಮತ್ತೆ ಜನ್ಮದಲ್ಲಿ ಪ್ರಯಾಣಿಸಲಾರ. ಆದಕಾರಣ ಇಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ ಮೂರೂ ತಿರಸ್ಕೃತ. ಶಬ್ದವೊಂದೇ ಪ್ರಮಾಣ, ಅದೂ ಅಚ್ಚಾಗಿದ್ದರೆ. ಲಂಡನ್ನಿನ ಸಾರಿಗೆ ಸಂಸ್ಥೆ 2005ರಲ್ಲಿ ಹೊರತಂದ "ಬೇಬಿ ಆನ್ ಬೋರ್ಡ್" ಎಂಬ ಬಿಳಿಯ ಬ್ಯಾಡ್ಜೇ ಈ ಮತದ ಮೂಲ ಸೂತ್ರ. ಸ್ಟೇಷನ್ನಿನಲ್ಲಿ ಕೇಳಿದರೆ ಪುಕ್ಕಟೆ. 2013ರ ಮಾರ್ಚಿನಲ್ಲಿ ಬೇಕರ್ ಸ್ಟ್ರೀಟ್ ಸ್ಟೇಷನ್ನಿಗೆ ರಾಣಿಯ ಜೊತೆ ಬಂದಿದ್ದ ಮೊಮ್ಮಗನ ಹೆಂಡತಿ ಕೇಟ್ ಅವರಿಗೂ ಒಂದನ್ನು ಕೊಟ್ಟರು. ಮುಂದೆ ಸಿಂಹಾಸನದ ಸಾಲಿನಲ್ಲಿ ನಿಲ್ಲುವ ಕೂಸನ್ನು ಹೊತ್ತವಳಿಗೇ ಲಿಖಿತ ಪ್ರಮಾಣವಿಲ್ಲದೆ ಗತಿಯಿಲ್ಲವೆಂದ ಮೇಲೆ ತಿಪಟೂರಿನ ತೆಂಗಿನಕಾಯಿ ಮಂಡಿಯವರ ಮಗಳಾದ ಸಂಶೋಧಕಿಯ ಪಾಡೇನು?

ಸೂತ್ರಕ್ಕೆ ಒಂದು ದೋಷವಿದೆ. ಬ್ಯಾಡ್ಜು ನಿಜವಾಗಿ ಬೇಕಾಗುವುದು ಮೊದಲ ಮೂರು ತಿಂಗಳಲ್ಲಿ, ಹೊಟ್ಟೆ ಕಾಣದೆ ವಾಂತಿ ಮಾತ್ರ ಬರುವಾಗ. ಆದರೆ ಹನ್ನೆರಡನೇ ವಾರದ ಸ್ಕ್ಯಾನ್ ಆಗುವವರೆಗೆ ವಿಷಯವನ್ನು ಯಾರಿಗೂ ಹೇಳಬಾರದೆಂಬುದು ಇಲ್ಲಿನ ಮಡಿ. ಹಾಗಾಗಿ ಸಂಶೋಧಕಿಯು ಮನೆಯ ಹತ್ತಿರದ ಈಸ್ಟ್ ಹ್ಯಾಮ್ ಸ್ಟೇಷನ್ನಿನಲ್ಲಿ ಬ್ಯಾಡ್ಜು ಧರಿಸಿ, ಆಫೀಸಿನ ಸ್ಟೇಷನ್ನಿನಲ್ಲಿ ಕಳಚಿ, ಸಂಜೆ ಮತ್ತೆ ಧರಿಸಿ, ದಿನಕ್ಕೆರಡು ಬಾರಿ ಗರ್ಭವತಿಯಾಗುತ್ತಿದ್ದಳು. ಆಫೀಸಿಗೆ ಹೇಳುವ ಕಾಲ ಬಂದಾಗಲೂ ಹೊಟ್ಟೆ ಸಾಕ್ಷಿಯಾಗಲಿಲ್ಲ. ರಜೆಯ ಸಂಬಳಕ್ಕೆ ಮ್ಯಾಟ್ ಬಿ1 ಎಂಬ ಪ್ರಮಾಣಪತ್ರ ಬೇಕು, ಔಷಧಿ ಪುಕ್ಕಟೆ ಸಿಗಲು ಇನ್ನೊಂದು.

ಬ್ಯಾಡ್ಜು ಧರಿಸಿದ ಮೇಲೆ ಸೀಟಿನಲ್ಲಿ ಕುಳಿತವರನ್ನು ನಮ್ಮ ಉಪನಿಷತ್ತಿನ ಅವಸ್ಥೆಗಳ ಪ್ರಕಾರ ವಿಂಗಡಿಸುವುದು ಸೂಕ್ತ. ಜಾಗ್ರತ್ ಸ್ಥಿತಿಯವನು ಫೋನಿನಲ್ಲಿ ತಲೆ ಹುದುಗಿಸಿದ್ದಾನೆ. ಬ್ಯಾಡ್ಜು ಅವನ ಮೂಗಿನ ಮಟ್ಟಕ್ಕೇ ಇದ್ದರೂ ಕಾಣದು. ಸ್ವಪ್ನ ಸ್ಥಿತಿಯವನು ಬಸುರಿ ಒಳಬರುತ್ತಿದ್ದಂತೆ ಕಣ್ಣು ಮುಚ್ಚುತ್ತಾನೆ, ತನ್ನ ಸ್ಟೇಷನ್ ಬಂದಾಗ ಮಾತ್ರ ಕರಾರುವಾಕ್ಕಾಗಿ ಎಚ್ಚರಗೊಳ್ಳುತ್ತಾನೆ. ಸುಷುಪ್ತಿಯವನು ರಾತ್ರಿಪಾಳಿ ಮುಗಿಸಿ ನಿಜಕ್ಕೂ ನಿದ್ದೆ ಹೋದವನು, ಪಾಪ. ಅವನ ಮೇಲೆ ಆಕ್ಷೇಪವಿಲ್ಲ. ನಾಲ್ಕನೆಯವನು ತುರೀಯ. ಅವನು ಮಾತಿಲ್ಲದೆ ಏಳುತ್ತಾನೆ, ಇಳಿಯುವವನಂತೆ ಬಾಗಿಲ ಬಳಿ ಹೋಗಿ ನಿಲ್ಲುತ್ತಾನೆ, ಆದರೆ ಇಳಿಯುವುದಿಲ್ಲ. ಅವನಿಗೆ ಥ್ಯಾಂಕ್ಸ್ ಹೇಳಲು ಹೊರಟರೆ ಮುಖ ಕೆಂಪಗಾಗುತ್ತದೆ. ಲಂಡನ್ನಿನ ಸಜ್ಜನಿಕೆ ಎಂಬುದೇನಾದರೂ ಇದ್ದರೆ ಅದು ಆ ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತಿರುತ್ತದೆ ಎಂದು ಸಂಶೋಧಕಿಯ ಅಭಿಪ್ರಾಯ.

ಇನ್ನು ತತ್ತ್ವವಿಚಾರ. ಬಸುರಿ ಒಬ್ಬಳೋ ಇಬ್ಬರೋ? ವಿಡಿಯೊ ಕಾಲ್ ಮೂಲಕ ಪ್ರತಿಪಾದಿತವಾದ ಅಮ್ಮನವರ ಮತ ಶುದ್ಧ ದ್ವೈತ: "ಇಬ್ಬರ ಊಟ ಮಾಡ್ಬೇಕು ಕಣೇ." ಮಿಡ್‌ವೈಫ್ ಅದ್ವೈತಿ. ಮೊದಲ ಆರು ತಿಂಗಳು ಹೆಚ್ಚಿಗೆ ಏನೂ ಬೇಡ. ಕೊನೆಯ ಮೂರು ತಿಂಗಳು ದಿನಕ್ಕೆ 200 ಕ್ಯಾಲೊರಿ ಜಾಸ್ತಿ ಸಾಕು. ತುಪ್ಪ ಸುರಿದ ಒಂದು ಒಬ್ಬಟ್ಟಿಗೂ ಸಾಲದ ಈ ಪ್ರಮಾಣವನ್ನು ಕೇಳಿ ಅಮ್ಮನವರು ಬ್ರಿಟಿಷರು ದೇಶ ಬಿಟ್ಟುಹೋದದ್ದು ಒಳ್ಳೆಯದೇ ಆಯಿತು ಎಂದರು. ನಿಷೇಧಗಳಲ್ಲೂ ಒಮ್ಮತವಿಲ್ಲ. ಅಮ್ಮನವರಿಗೆ ಪಪ್ಪಾಯಿ ನಿಷಿದ್ಧ. ಮಿಡ್‌ವೈಫ್‌ಗೆ ಕುರಿಯ ಲಿವರ್, ಮತ್ತು 200 ಮಿಲಿಗ್ರಾಂ ದಾಟಿದ ಕೆಫೀನ್. ಹುಟ್ಟಿನಿಂದ ಸಸ್ಯಾಹಾರಿಯಾದ ಸಂಶೋಧಕಿ ಲಿವರನ್ನು ಸಂತೋಷದಿಂದ ತ್ಯಜಿಸಿದಳು. ಫಿಲ್ಟರ್ ಕಾಫಿಯ ವಿಷಯದಲ್ಲಿ ಮಾತ್ರ ಲೋಟದ ಗಾತ್ರದ ಬಗ್ಗೆ ದೀರ್ಘ ವಾಗ್ವಾದ ನಡೆಯಿತು. ಮನೆತನದ ಮೂಲ ದಕ್ಷಿಣ ಏಷ್ಯಾ ಎಂದು ಫಾರಂನಲ್ಲಿ ಬರೆದದ್ದೇ ಸಾಕಾಗಿ, ಸಕ್ಕರೆ ಪರೀಕ್ಷೆಗೆ ಹಸಿದ ಹೊಟ್ಟೆಯಲ್ಲಿ ಗ್ಲೂಕೋಸು ಕುಡಿಸಿದರು. ಗಂಡನದು ವಿಶಿಷ್ಟಾದ್ವೈತ. ಬಸುರಿಯ ಬಯಕೆಯೆಂದು ತಂದದ್ದನ್ನೆಲ್ಲ ಭಕ್ತಿಯಿಂದ ತಾನೂ ಸೇವಿಸಿ, ಆರನೇ ತಿಂಗಳಲ್ಲಿ ಸಾರೂಪ್ಯ ಪಡೆದ.

ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಎರಡು ದರ್ಶನಗಳೂ ತಲೆಕೆಳಗಾಗುತ್ತವೆ. ಎಲ್ಲವನ್ನೂ ನೋಡಿಯೇ ತಿಳಿಯುವ ನಮ್ಮ ನಾಡಿನಲ್ಲಿ, ಭ್ರೂಣದ ಲಿಂಗ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ಆ ಕಾನೂನು ಏಕೆ ಬೇಕಾಯಿತೆನ್ನುವಲ್ಲಿ ಈ ಪ್ರಬಂಧ ಸ್ವಲ್ಪ ಹೊತ್ತು ತಮಾಷೆ ನಿಲ್ಲಿಸುತ್ತದೆ. ಏನನ್ನೂ ನೋಡದ ಲಂಡನ್ನಿನಲ್ಲಾದರೋ ಸ್ಕ್ಯಾನ್ ಮಾಡುವಾಕೆ "ಗೊತ್ತಾಗಬೇಕಾ?" ಎಂದು ತಾನೇ ಕೇಳಿದಳು. ಹೆಣ್ಣು. ಸುದ್ದಿಯನ್ನು ಊರಿಗೆ ತಿಳಿಸಹೊರಟಾಗ ಅಮ್ಮನವರು ತಿಪಟೂರಿನ ಕಿಟಕಿ ಮುಚ್ಚಿ ಬಂದು ಪಿಸುಗುಟ್ಟಿದರು: "ಶ್! ಫೋನಲ್ಲಿ ಹೇಳ್ಬೇಡ ಕಣೇ. ಯಾರಾದ್ರೂ ಕೇಳಿಸ್ಕೊಂಡ್ರೆ ನಿನ್ನ ಡಾಕ್ಟರಮ್ಮನ್ನ ಹಿಡ್ಕೊಂಡು ಹೋದಾರು." ಆಮೇಲೆ ಹುಳಿ ಬಯಸುತ್ತೀಯೋ ಸಿಹಿಯೋ ಎಂದು ವಿಚಾರಿಸಿ, ಕ್ಯಾಮೆರಾವನ್ನು ಪಕ್ಕಕ್ಕೆ ಹಿಡಿಯಹೇಳಿ, ಹೊಟ್ಟೆಯ ಆಕಾರ ನೋಡಿ, ಗಂಡು ಎಂದು ತೀರ್ಪಿತ್ತರು. ಅನುಮಾನ ಪ್ರಮಾಣಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ.

ಧರ್ಮಶಾಸ್ತ್ರಕ್ಕೆ ನಿಜವಾದ ಇಕ್ಕಟ್ಟು ಬಂದದ್ದು 2025ರ ಮಾರ್ಚ್ 29ರ ಶನಿವಾರ. ಅಂದಿನ ಪಾರ್ಶ್ವ ಸೂರ್ಯಗ್ರಹಣ ಲಂಡನ್ನಿಗೆ ಕಾಣುವಂಥದ್ದು, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಸೂರ್ಯನ ಮೂರನೇ ಒಂದು ಪಾಲಿನಷ್ಟು. ಭಾರತಕ್ಕೆ ಕಾಣದು, ಆದ್ದರಿಂದ ಪಂಚಾಂಗದ ಪ್ರಕಾರ ಆಚರಣೆ ಇಲ್ಲ. ಬಸುರಿ ಲಂಡನ್ನಿನಲ್ಲಿದ್ದು ಪಂಚಾಂಗ ತಿಪಟೂರಿನಲ್ಲಿದ್ದರೆ ಯಾವುದು ಪ್ರಬಲ? "ಅಲ್ಲಿರೋದೂ ಇದೇ ಸೂರ್ಯ ತಾನೇ? ಆಚೆ ಕಾಲಿಡ್ಬೇಡ. ಚಾಕು, ಕತ್ತರಿ ಮುಟ್ಬೇಡ" ಎಂದಾಯಿತು ನಿರ್ಣಯ. ಸಂಶೋಧಕಿಗೆ ಗ್ರಹಣದೋಷದಲ್ಲಿ ನಂಬಿಕೆಯಿಲ್ಲ. ಆದರೂ ಪರದೆ ಎಳೆದು ಮಲಗಿದಳು. ಹುರುಳಿಕಾಯಿ ಗಂಡ ಹೆಚ್ಚಿದ. ಇಷ್ಟು ಅನುಕೂಲವಾದ ಶಾಸ್ತ್ರವನ್ನು ಅಲ್ಲಗಳೆಯುವುದು ವೈಜ್ಞಾನಿಕ ಮನೋಭಾವವಲ್ಲ.

ಬಾಣಂತನಕ್ಕೆಂದು ಅಮ್ಮನವರು ಆರು ತಿಂಗಳ ವೀಸಾದಲ್ಲಿ ಹೀಥ್ರೋಗೆ ಬಂದಿಳಿದರು. ಹಾಲು, ತುಪ್ಪ ತರುವಂತಿಲ್ಲ ಎಂದು ಸಾರಿ ಸಾರಿ ಹೇಳಲಾಗಿತ್ತು. ಅವರು ಹಸಿರು ದಾರಿಯಲ್ಲಿ, ಘೋಷಿಸುವಂಥದ್ದು ಏನೂ ಇಲ್ಲವೆಂಬವರ ಸಾಲಿನಲ್ಲಿ, ತಲೆ ಎತ್ತಿಕೊಂಡು ಹೊರಬಂದರು. ಸೂಟ್‌ಕೇಸಿನಲ್ಲಿ ಬಜೆ, ಓಮ, ಒಣಶುಂಠಿ, ಅಂಟಿನುಂಡೆ. ಉಂಡೆಯನ್ನು ಯಾವುದರಲ್ಲಿ ಕಟ್ಟಿದ್ದೆಂದು ಸಂಶೋಧಕಿ ಕೇಳಲಿಲ್ಲ.

ಮೊದಲ ನೋಟ ಬಿದ್ದದ್ದು ಬ್ಯಾಡ್ಜಿನ ಮೇಲೆ. "ಇದೇನೇ ಬಿಲ್ಲೆ, ಹೊಟ್ಟೆ ನೋಡಿ ನೋಡಿ ಅಂತ? ದೃಷ್ಟಿ ಆಗುತ್ತೆ, ತೆಗಿ!" ತೆಗೆದು ತಮ್ಮ ಪರ್ಸಿಗೆ ಹಾಕಿಕೊಂಡರು.

ವಿಮಾನ ನಿಲ್ದಾಣದಿಂದ ಹೊರಟ ರೈಲನ್ನು ಬ್ಯಾರನ್ಸ್ ಕೋರ್ಟ್‌ನಲ್ಲಿ ಇಳಿದು ಡಿಸ್ಟ್ರಿಕ್ಟ್ ಲೈನ್ ಹತ್ತಿದಾಗ ಸಂಜೆಯ ನೂಕುನುಗ್ಗಲು. ಎದುರಿಗೆ ಸೂಟುಧಾರಿಯೊಬ್ಬ ಸ್ವಪ್ನ ಸ್ಥಿತಿಯಲ್ಲಿದ್ದ. ಅಮ್ಮನವರು ಅವನ ಭುಜ ತಟ್ಟಿ, "ಏಳಪ್ಪಾ ಸ್ವಲ್ಪ, ಮಗಳು ಬಸುರಿ" ಎಂದರು, ಅಚ್ಚ ಕನ್ನಡದಲ್ಲಿ. ಅವನು ತಟ್ಟನೆ ಎದ್ದು ಸಾರಿ ಎಂದ. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಅವನ ಪಕ್ಕದವನನ್ನೂ ಎಬ್ಬಿಸಿದ್ದರು, ಅಂಟಿನುಂಡೆಯ ಸೂಟ್‌ಕೇಸು ಕೂರಿಸಲು.