ಬೆನ್ನಿಗೆ ತಗಡು ಬೇಕೇ, 7805 ಅವರೇ?

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಬಿಚ್ಚಿಟ್ಟ ಕಾರ್ ಸ್ಟೀರಿಯೊಗಳ ರಾಶಿಯ ನಡುವೆ, ಮೂರು ಕಾಲಿನ ವೋಲ್ಟೇಜ್ ರೆಗ್ಯುಲೇಟರ್ 7805 ಅವರು ಮಾತಿಗೆ ಸಿಕ್ಕರು. ಹವ್ಯಾಸಿಗಳ ಸರ್ಕ್ಯೂಟುಗಳಿಗೆ ದಶಕಗಳಿಂದ 5 ವೋಲ್ಟ್ ಬಡಿಸುತ್ತ ಬಂದ ಹಿರಿಯರು. ಅಲ್ಲೇ ಸಿಕ್ಕ ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿ ಮಾತಿಗೆ ಕೂರಿಸಿದೆವು.

ಪ್ರಶ್ನೆ: ಬಿಸಿ ಆರಿಸುವ ತಗಡು, ಅಂದರೆ ಹೀಟ್‌ಸಿಂಕ್ ಇಲ್ಲದೆ ಬರಿಮೈಯಲ್ಲಿ ಕೂತಿದ್ದೀರಲ್ಲ?

7805: ಅದನ್ನ ಕೇಳೋರಲ್ಲಿ ಎರಡು ಪಂಗಡ, ಸ್ವಾಮಿ. ಒಬ್ಬರು ಒಂದು ಎಲ್‌ಇಡಿ ಮಿಣುಕಿಸೋಕೂ ನನ್ನ ಬೆನ್ನಿಗೆ ಅಂಗೈಯಗಲ ಅಲ್ಯೂಮಿನಿಯಂ ಬಿಗೀತಾರೆ. ಇನ್ನೊಬ್ಬರು ಮೋಟರು, ರಿಲೇ, ವೈಫೈ ಎಲ್ಲ ನನ್ನ ತಲೆಗೆ ಹೇರಿ, ‘ಡೇಟಾಶೀಟಲ್ಲಿ 1 ಆಂಪಿಯರ್ ಅಂತ ಇದೆಯಲ್ಲ’ ಅಂತಾರೆ. ಅವರು ಮೊದಲ ಪುಟ ಮಾತ್ರ ಓದಿದವರು.

ಪ್ರಶ್ನೆ: ಅಷ್ಟೊಂದು ಬಿಸಿ ಬರುವುದಾದರೂ ಎಲ್ಲಿಂದ?

7805: 12 ವೋಲ್ಟ್ ಬಂದರೆ 5 ಆಚೆ ಕೊಡ್ತೀನಿ. ಮಿಕ್ಕ 7? ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿ ನಿಂತ ಗಾಡಿಗಳ ಪೆಟ್ರೋಲಿನ ಹಾಗೆ ಸುಮ್ಮನೆ ಉರಿದುಹೋಗುತ್ತೆ. ಆ 7ನ್ನ ಕರೆಂಟಿನಿಂದ ಗುಣಿಸಿದರೆ ವ್ಯಾಟ್. ಬರಿಮೈಯಲ್ಲಿ ಒಂದೊಂದು ವ್ಯಾಟಿಗೂ ನನ್ನೊಳಗಿನ ಚಿಪ್ ಸುಮಾರು 65 ಡಿಗ್ರಿ ಏರುತ್ತೆ.

ಪ್ರಶ್ನೆ: ಲೆಕ್ಕ ಸ್ವಲ್ಪ ಕಠಿಣವಾಯಿತು.

7805: ಇಂಜಿನಿಯರುಗಳ ಊರಲ್ಲಿ ಗುಣಾಕಾರ ಕಠಿಣವೇ? 100 ಮಿಲಿಆಂಪಿಯರ್ ಎಳೆದರೆ 0.7 ವ್ಯಾಟ್, ಅಂದರೆ 45 ಡಿಗ್ರಿ. ಕೋಣೆಯ 30 ಸೇರಿಸಿ, 75 ಆಯ್ತು. ನನ್ನ ಮಿತಿ 125. ಆರಾಮ, ತಗಡು ಬೇಡ. 500 ಎಳೆದರೆ 3.5 ವ್ಯಾಟ್. ಕಾಗದದ ಮೇಲೆ 257 ಡಿಗ್ರಿ! ಅಷ್ಟು ಮುಟ್ಟೋಕೆ ಮುಂಚೆಯೇ ನಾನು ಅಂಗಡಿ ಮುಚ್ತೀನಿ.

ಪ್ರಶ್ನೆ: ನಮ್ಮ ಈ ಟ್ರಾನ್ಸ್‌ಫಾರ್ಮರ್ ಮೇಲೂ 12 ಎಂದೇ ಬರೆದಿದೆ.

7805: ಅದು ಎಸಿ 12. ಡಯೋಡು, ಕೆಪಾಸಿಟರ್ ದಾಟಿ ನನ್ನ ಹತ್ತಿರ ಬರೋ ಹೊತ್ತಿಗೆ 15. ಮೀಟರ್ ಇಟ್ಟು ನೋಡಿ. ಅದರ ಮೇಲೆ ನಿಮ್ಮ ಮುಖಕ್ಕೆ ಗಾಳಿ ಬೀಸ್ತಿರೋ ಆ ಫ್ಯಾನು ನನ್ನಿಂದ 300 ಮಿಲಿಆಂಪಿಯರ್ ಎಳೀತಿದೆ. ಅಲ್ಲಿಗೆ 3 ವ್ಯಾಟ್... ನನಗ್ಯಾಕೋ...

(ಮೌನ. ಫ್ಯಾನೂ ನಿಂತಿತು. ಥರ್ಮಲ್ ಶಟ್‌ಡೌನ್. ತಣ್ಣಗಾದ ಮೇಲೆ ಅವರೇ ಮುಂದುವರಿಸಿದರು.)

ನೋಡಿದ್ರಾ? ಇದನ್ನೇ ಜನ ‘ಸರ್ಕ್ಯೂಟು ತಾನಾಗೇ ರೀಸೆಟ್ ಆಗ್ತಿದೆ’ ಅಂತ ರಾತ್ರಿಯೆಲ್ಲ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕ್ತಾರೆ. ನಾನಾದರೂ ಮುಚ್ಚಿ ಮತ್ತೆ ತೆರೀತೀನಿ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮರ್ ಮಾಡ್ತಿದ್ದರು. ಬಿಸಿ ಆರಿಸಿಕೊಳ್ಳೋ ಪಾಡು ಅವಕ್ಕೂ ತಪ್ಪಿದ್ದಲ್ಲ. ಹಲಸೂರಿನ ರಸ್ತೆಬದಿ ಟ್ರಾನ್ಸ್‌ಫಾರ್ಮರ್ ನೋಡಿ, ಹೊಟ್ಟೆ ತುಂಬ ಎಣ್ಣೆ, ಮೈಸುತ್ತ ಗಾಳಿಗೆ ಒಡ್ಡಿದ ರೆಕ್ಕೆ. ಹೀಟ್‌ಸಿಂಕ್ ತೊಡೋಕೆ ದೊಡ್ಡವರಿಗೆ ಇಲ್ಲದ ನಾಚಿಕೆ ನನಗ್ಯಾಕೆ?

ಪ್ರಶ್ನೆ: ನೀವು ಮಿತಿಮೀರಿ ಬಿಸಿಯಾಗಿದ್ದೀರೋ ಎಂದು ಬೆರಳಿಟ್ಟು ನೋಡಿದರೆ ಗೊತ್ತಾಗುವುದಿಲ್ಲವೇ?

7805: 60 ಡಿಗ್ರಿಗೇ ನಿಮ್ಮ ಬೆರಳು ಓಡುತ್ತೆ. ಅದು ಬೆರಳಿನ ಮಿತಿ, ನನ್ನದಲ್ಲ. ಆದರೆ ಪಕ್ಕದಲ್ಲಿರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೈಮೇಲೆ 85 ಡಿಗ್ರಿ ಅಂತಿದ್ದರೆ, ನನ್ನ ಕಾವಿಗೆ ಅದು ಬೇಗ ಒಣಗುತ್ತೆ. ಇನ್ನು ಕೆ.ಆರ್. ಪುರದ ಶೀಟ್ ಮನೇಲಿ, ಏಪ್ರಿಲ್‌ನಲ್ಲಿ, ನನ್ನನ್ನ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟು ಕೋಣೆಯ ಲೆಕ್ಕ 30 ಹಿಡಿದರೆ ಹೇಗೆ? 50 ಹಿಡೀರಿ.

ಪ್ರಶ್ನೆ: ಇಂದಿರಾನಗರದ ಸ್ಟಾರ್ಟಪ್‌ ಹುಡುಗರು ನಿಮ್ಮ ಬದಲು ಬಕ್ ಕನ್ವರ್ಟರ್ ಎಂಬ ಸ್ವಿಚಿಂಗ್ ರೆಗ್ಯುಲೇಟರ್ ಹಾಕುತ್ತಾರಂತೆ.

7805: ಹಾಕಲಿ. ಅವನು ಜಾಣ, ಕಡಿಮೆ ಪೋಲು ಮಾಡ್ತಾನೆ, ಅಷ್ಟೊಂದು ಬಿಸಿಯಾಗೋದಿಲ್ಲ. ಆದರೆ ಕ್ಷಣಕ್ಕೆ ಸಾವಿರಾರು ಸಲ ಸ್ವಿಚ್ ಆಡಿಸೋದರಿಂದ ಗದ್ದಲ ಜಾಸ್ತಿ. ಪಕ್ಕದಲ್ಲಿ ರೇಡಿಯೊ ಇಟ್ಟರೆ ತಿಳಿಯುತ್ತೆ. ಪಬ್ಬುಗಳ ಮಗ್ಗುಲಲ್ಲಿ ಮಲಗೋ ಇಂದಿರಾನಗರದವರಿಗೆ ಗದ್ದಲದ ಬಗ್ಗೆ ನಾನೇನು ಹೇಳಲಿ?

ಪ್ರಶ್ನೆ: ಕೊನೆಗೂ ಹೀಟ್‌ಸಿಂಕ್ ಬೇಕೋ ಬೇಡವೋ? ಒಂದೇ ಮಾತಿನಲ್ಲಿ ಹೇಳಿ.

7805: ಒಂದೇ ಮಾತು ಬೇಕಿದ್ದರೆ ಟೀವಿ ಚರ್ಚೆಗೆ ಹೋಗಿ. 5ರ ಮೇಲೆ ನನಗೆ ಎರಡು, ಹೆಚ್ಚೆಂದರೆ ಮೂರು ವೋಲ್ಟ್ ಸಾಕು. 8 ಕೊಟ್ಟರೆ ಇದೇ ಫ್ಯಾನಿಗೆ 0.9 ವ್ಯಾಟ್, ಬರಿಮೈಯಲ್ಲೇ ನಿಭಾಯಿಸ್ತೀನಿ. ಅದು ಬಿಟ್ಟು 15 ಸುರಿದು, ಹತ್ತನ್ನ ಸುಟ್ಟು, ಸುಟ್ಟ ಬಿಸಿ ಆರಿಸೋಕೆ ತಗಡು ಕೊಳ್ಳೋದು ಟೆಂಡರ್ ಕರೆಯೋರ ಬುದ್ಧಿ. ಮೊದಲು ಕೊಡೋದನ್ನ ಕಡಿಮೆ ಮಾಡಿ. ಆಮೇಲೂ 1 ವ್ಯಾಟ್ ದಾಟಿದರೆ, ಇದೇ ಗುಜರೀಲಿ ಹಳೇ ಆಂಪ್ಲಿಫಯರಿನ ಹೀಟ್‌ಸಿಂಕ್ ಸಿಗುತ್ತೆ. ಚೌಕಾಸಿ ಮಾಡಿ ತನ್ನಿ.