ಸದ್ದಾಂ ಕಲಿಸಿದ ಇಂಗ್ಲಿಷು

ಬದನೆಕಾಯಿಗೆ, ಕೊತ್ತಂಬರಿ ಬೀಜಕ್ಕೆ, ಸೌಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ನನಗೆ ತಿಳಿದದ್ದು ಮೀಸೆ ನರೆಯುವ ಹೊತ್ತಿಗೆ. ಸೌಟಿನ ವಿಷಯದಲ್ಲಿ ಈಗಲೂ ಅನುಮಾನವೇ. ಆದರೆ ‘ಕೊಲ್ಯಾಟರಲ್ ಡ್ಯಾಮೇಜ್’ ಎಂದರೇನು, ‘ಸೀಸ್‌ಫೈರ್’ ಆದ ಮಾತ್ರಕ್ಕೆ ಯುದ್ಧ ಮುಗಿದಂತಲ್ಲ ಏಕೆ ಎಂಬುದೆಲ್ಲ ಎಸ್ಸೆಸ್ಸೆಲ್ಸಿ ಪಾಸಾಗುವ ಮೊದಲೇ ಬಾಯಿಪಾಠವಾಗಿತ್ತು. ಇದಕ್ಕೆ ಕಾರಣರು ಇಬ್ಬರು. ಒಬ್ಬರು ನಮ್ಮ ಇಂಗ್ಲಿಷ್ ಮೇಷ್ಟ್ರು, ಇನ್ನೊಬ್ಬ ಸದ್ದಾಂ ಹುಸೇನ್.

ನಮ್ಮೂರು ಅರಸೀಕೆರೆ ಸೀಮೆಯದು, ಸ್ಕೂಲು ಕನ್ನಡ ಮೀಡಿಯಂ. ಬೆಂಗಳೂರಿನ ಇಂಗ್ಲಿಷ್ ಪೇಪರು ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಕೈಸೇರುತ್ತಿತ್ತು. ಅದರಲ್ಲಿ ವಿದೇಶದ ಪುಟವೊಂದನ್ನು ಬಿಟ್ಟು ಬೇರೇನನ್ನೂ ಅವರು ನಮಗೆ ಓದಿಸುತ್ತಿರಲಿಲ್ಲ. “ಕಥೆ ಪುಸ್ತಕದಲ್ಲಿ ಒಂದು ಪದ ಒಂದ್ಸಲ ಬಂದು ಹೋಗುತ್ತೆ ಕಣ್ರೋ. ಯುದ್ಧದ ಸುದ್ದೀಲಿ ಅದೇ ಪದ ದಿನಾ ಬರುತ್ತೆ. ನೀವು ಮರೀತೀನಿ ಅಂದ್ರೂ ಅದು ಬಿಡಲ್ಲ” ಎನ್ನುತ್ತಿದ್ದರು. ವಿಮಾ ಏಜೆಂಟರು ಕೊಟ್ಟ ಹಳೇ ಡೈರಿಯಲ್ಲಿ ಪದ, ಅರ್ಥ, ತಾರೀಖು ಮೂರನ್ನೂ ಬರೆಯಬೇಕು. ತಾರೀಖು ಯಾಕೆ ಸಾರ್ ಎಂದರೆ, “ಪದಕ್ಕೂ ಒಂದು ಜಾತಕ ಬೇಡವೇನೋ?” ಎಂದು ಗದರುತ್ತಿದ್ದರು.

ಹೀಗಾಗಿ ನನ್ನ ಇಂಗ್ಲಿಷಿನ ಜಾತಕ ಇವತ್ತಿಗೂ ನನ್ನ ಬಳಿ ಇದೆ. ‘ಇನ್ವೇಡ್’ ಹುಟ್ಟಿದ್ದು 1990ರ ಆಗಸ್ಟ್ 2ರಂದು, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ. ವಾರದೊಳಗೆ ‘ಅನೆಕ್ಸ್’ ಹುಟ್ಟಿತು. ಇವೆರಡರ ನಡುವೆ, ಆಗಸ್ಟ್ 6ಕ್ಕೆ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ‘ಸ್ಯಾಂಕ್ಷನ್’ ಹೆತ್ತಿತು. ಇದನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೇ ತಡ, ಅಪ್ಪನಿಗೆ ಸಿಟ್ಟು ಬಂತು. ಸ್ಯಾಂಕ್ಷನ್ ಎಂದರೆ ಬ್ಯಾಂಕಿನವರು ಮಾಡುವುದು ಎಂದಷ್ಟೇ ಅವರಿಗೆ ಗೊತ್ತು. “ಪಕ್ಕದ ದೇಶ ನುಂಗಿದವನಿಗೆ ನಾಲ್ಕು ದಿನಕ್ಕೆ ಸ್ಯಾಂಕ್ಷನ್ನಾ? ನಮ್ಮ ಬೋರ್‌ವೆಲ್ ಸಾಲದ ಅರ್ಜಿ ಯುಗಾದಿಯಿಂದ ಅಲ್ಲೇ ಕೊಳೀತಾ ಬಿದ್ದಿದೆ!” ಎಂದರು. ಇದು ಆ ಸ್ಯಾಂಕ್ಷನ್ ಅಲ್ಲಪ್ಪ, ದಿಗ್ಬಂಧನ ಎಂದು ಬಿಡಿಸಿ ಹೇಳಿದೆ. “ಹಾಗಾದರೆ ನಮಗೆ ಮಾಡಿರೋದೂ ಅದೇ ಸ್ಯಾಂಕ್ಷನ್ನು” ಎಂದು ಹೊರಗೆದ್ದು ಹೋದರು.

ನಮ್ಮ ಹಿಂದಿನ ಬೀದಿಯವರೊಬ್ಬರು ಕುವೈತಿನಲ್ಲಿ ಡ್ರೈವರ್ ಆಗಿದ್ದರು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಆಗ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮ ಕಡೆ ಕೊಲ್ಲಿಗೆ ಹೋದವರು ಕಡಿಮೆ, ಆದ್ದರಿಂದ ಇವರೊಬ್ಬರ ಮೇಲೇ ಇಡೀ ಊರಿನ ಕಣ್ಣು. ಆ ಆಗಸ್ಟಿನಿಂದ ಅಕ್ಟೋಬರಿನವರೆಗೆ ಜೋರ್ಡಾನಿನ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ಇವರೂ ಬಂದಿಳಿದರು. ನೋಡಲು ಹೋದ ನಾನು, ಹೊಸ ಪದ ತೋರಿಸುವ ಚಪಲಕ್ಕೆ, “ನಿಮ್ಮನ್ನ ಇವ್ಯಾಕ್ಯುಯೇಟ್ ಮಾಡಿದ್ರಂತೆ?” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, “ಅದೇನೋ ಗೊತ್ತಿಲ್ಲ ಕಣಪ್ಪ. ಬಸ್ಸಲ್ಲಿ ಬಾಗ್ದಾದ್‌ಗೆ ಬಂದ್ವಿ, ಆಮೇಲೆ ಮರಳಲ್ಲಿ ಮಲಗಿದ್ವಿ. ನೀರಿಗೆ ಹೊಡೆದಾಟ. ನಿಮ್ಮತ್ತೆಗೆ ಅಂತ ತಗೊಂಡಿದ್ದ ಕುಕ್ಕರ್ ಅಲ್ಲೇ ಉಳೀತು, ಇನ್ನೂ ಡಬ್ಬಾನೇ ಬಿಚ್ಚಿರಲಿಲ್ಲ” ಎಂದರು. ಡೈರಿಯಲ್ಲಿ ಆ ಪದದ ಎದುರು ‘ಕುಕ್ಕರ್ ಬಿಟ್ಟು ಬರುವುದು’ ಎಂದು ಬರೆದೆ. ಮೇಷ್ಟ್ರು ಅದಕ್ಕೆ ರೈಟ್ ಮಾರ್ಕ್ ಹಾಕಿದರು.

ವ್ಯಾಕರಣವೂ ಅಲ್ಲಿಂದಲೇ. 1991ರ ಜನವರಿ 9ರಂದು ಅಮೆರಿಕದ ಜೇಮ್ಸ್ ಬೇಕರ್ ಮತ್ತು ಇರಾಕಿನ ತಾರಿಖ್ ಅಜೀಜ್ ಜಿನೀವಾದಲ್ಲಿ ಆರು ಗಂಟೆಗೂ ಹೆಚ್ಚು ಕಾಲ ಮಾತಾಡಿದರು. ಹೊರಗೆ ಬಂದ ಬೇಕರ್ ಬಾಯಿಂದ ‘ರಿಗ್ರೆಟಬ್ಲಿ’ ಎಂಬ ಪದ ಬಿದ್ದ ಕೂಡಲೇ ತೈಲದ ಬೆಲೆ ಏರಿತು, ಷೇರುಪೇಟೆ ಬಿತ್ತು. ವಾಕ್ಯ ಮುಗಿಯುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. “ಅಡ್ವರ್ಬ್ ಅಂದ್ರೆ ಕ್ರಿಯಾವಿಶೇಷಣ ಅಂತ ಉರು ಹೊಡೀತಿದ್ರಲ್ಲ, ಈಗ ನೋಡಿ, ಕ್ರಿಯೆನೂ ಆಗುತ್ತೆ, ವಿಶೇಷನೂ ಆಗುತ್ತೆ” ಎಂದರು ಮೇಷ್ಟ್ರು. ಎಂಟು ದಿನದಲ್ಲಿ ಬಾಗ್ದಾದಿನ ಮೇಲೆ ಬಾಂಬು ಬಿತ್ತು.

ಈ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡವನು ನನ್ನ ಪಕ್ಕದ ಬೆಂಚಿನವನು. ಅಕ್ಕನ ಮದುವೆಗೆ ರಜಾ ಅರ್ಜಿ ಬರೆದ. ‘ರಿಗ್ರೆಟಬ್ಲಿ’ ಎಂದೇ ಶುರು. ಬುಧವಾರದೊಳಗೆ ರಜೆ ಕೊಡದಿದ್ದರೆ ತಾನು ‘ಆಲ್ ನೆಸೆಸರಿ ಮೀನ್ಸ್’ ಬಳಸಬೇಕಾಗುತ್ತದೆ ಎಂದು ಮುಕ್ತಾಯ. ಅದು ಭದ್ರತಾ ಮಂಡಳಿಯ 678ನೇ ನಿರ್ಣಯದ ಮಾತು. ಯುದ್ಧ ಎಂಬ ಪದವನ್ನೇ ಎತ್ತದೆ ಯುದ್ಧಕ್ಕೆ ಒಪ್ಪಿಗೆ ಕೊಟ್ಟ ಮಾತು. ಹೆಡ್‌ಮಾಸ್ಟರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಂದು ಸಲ ಓದಿ, ರಜೆ ಕೊಟ್ಟುಬಿಟ್ಟರು. ಇಂಥ ಅರ್ಜಿ ಅವರ ಸರ್ವೀಸಿನಲ್ಲೇ ಬಂದಿರಲಿಕ್ಕಿಲ್ಲ.

ಮೇಷ್ಟ್ರ ಮೆಚ್ಚಿನ ಪಾಠ ಮಾತ್ರ ಹಳೆಯದು: 1967ರ ನವೆಂಬರಿನ 242ನೇ ನಿರ್ಣಯ. ಆರು ದಿನದ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲ್ ಹಿಂದೆ ಸರಿಯಬೇಕು ಎಂದು ಅದರಲ್ಲಿದೆ. ಇಂಗ್ಲಿಷ್ ಪಠ್ಯದಲ್ಲಿ ‘ಟೆರಿಟರೀಸ್’ ಹಿಂದೆ ‘ದ’ ಇಲ್ಲ. ಆದ್ದರಿಂದ ಎಲ್ಲ ಪ್ರದೇಶ ಬಿಡಬೇಕಿಲ್ಲ ಎಂದು ಇಸ್ರೇಲ್ ವಾದ. ಫ್ರೆಂಚ್ ಪಠ್ಯ ನೋಡಿ, ಅಲ್ಲಿ ಎಲ್ಲವೂ ಎಂದೇ ಅರ್ಥ ಬರುತ್ತದೆ ಎಂದು ಅರಬರ ವಾದ. “ಪರೀಕ್ಷೇಲಿ ‘ದ’ ಬಿಟ್ರೆ ನಿಮಗೆ ಅರ್ಧ ಮಾರ್ಕು ಹೋಗುತ್ತೆ. ಅಲ್ಲಿ ನೋಡಿ ಎಷ್ಟು ಹೋಯ್ತು” ಎಂದು ಮೇಷ್ಟ್ರು ಬೋರ್ಡಿನ ಮೇಲೆ ಗೋಲನ್, ಸಿನಾಯ್, ಪಶ್ಚಿಮ ದಂಡೆ ಎಂದು ನಕ್ಷೆ ಬಿಡಿಸುತ್ತಿದ್ದರು. ಆರ್ಟಿಕಲ್ಲಿನಲ್ಲಿ ನಾನು ಆಮೇಲೆ ಒಂದು ಮಾರ್ಕೂ ಕಳೆದುಕೊಂಡವನಲ್ಲ. ಹೆದರಿಕೆ ಅಂಥದ್ದು.

ಕೆಲಸಕ್ಕೆಂದು ಕಲಬುರಗಿಗೆ ಹೋದ ಮೇಲೆ ಡೈರಿಗೆ ಇನ್ನೊಂದು ಪದ ಸೇರಿತು. ಅಲ್ಲಿನ ಹಿರಿಯರು ವಯಸ್ಸು ಹೇಳುವಾಗ ‘ಪೊಲೀಸ್ ಆಕ್ಷನ್’ ಲೆಕ್ಕ ಹಿಡಿಯುತ್ತಾರೆ. ನಾನು ಯಾವುದೋ ಠಾಣೆಯ ಗಲಾಟೆ ಇರಬೇಕೆಂದುಕೊಂಡು ಕೇಳಿದರೆ ಮನೆ ಮಾಲೀಕರು ನಕ್ಕರು. “ಎಲ್ಲೀ ಪೊಲೀಸ್ರೀ ಸಾಹೇಬ್ರ, ಬಂದಿದ್ದು ಮಿಲಿಟ್ರಿ. ಟ್ಯಾಂಕ್ ಬಂದಿದ್ವು!” 1948ರ ಸೆಪ್ಟೆಂಬರ್ 13ಕ್ಕೆ ಹೊರಟ ಸೈನ್ಯ ಐದು ದಿನದಲ್ಲಿ ನಿಜಾಮನ ಹೈದರಾಬಾದನ್ನು ಮಣಿಸಿತು, ಸೈನ್ಯದ ಕಡತದಲ್ಲಿ ಅದು ಆಪರೇಷನ್ ಪೋಲೊ, ಜನರ ಬಾಯಲ್ಲಿ ಪೊಲೀಸ್ ಆಕ್ಷನ್. ಎರಡು ವರ್ಷದ ಮೇಲೆ ಕೊರಿಯಾದ ಯುದ್ಧಕ್ಕೆ ಟ್ರೂಮನ್ ಕೂಡ ಇದೇ ಹೆಸರನ್ನು ಒಪ್ಪಿಕೊಂಡ. 2022ರಲ್ಲಿ ಪುಟಿನ್ ‘ವಿಶೇಷ ಸೈನಿಕ ಕಾರ್ಯಾಚರಣೆ’ ಎಂದಾಗ ಅದರ ಗೋತ್ರ ನನಗೆ ತಕ್ಷಣ ಗೊತ್ತಾಯಿತು.

ಉಳಿದವು ಬೇಗ ಬೇಗ ಬಂದವು. ಕಾರ್ಗಿಲ್ ‘ಇನ್‌ಫಿಲ್ಟ್ರೇಟರ್’ ಕೊಟ್ಟಿತು. 2001ರ ಜುಲೈಯಲ್ಲಿ ವಾಜಪೇಯಿ, ಮುಷರಫ್ ಆಗ್ರಾದಲ್ಲಿ ಕೂತೆದ್ದರೂ ಜಂಟಿ ಹೇಳಿಕೆ ಹೊರಬೀಳಲಿಲ್ಲ. ಹೊರಬೀಳದ ಹೇಳಿಕೆಯಿಂದಲೂ ನನಗೆ ಒಂದು ಪುಟ ಪದ ಸಿಕ್ಕವು. ‘ಫ್ರಾಂಕ್’ ಎಂದರೆ ಜಗಳವಾಗಿದೆ, ‘ಕಾರ್ಡಿಯಲ್’ ಎಂದರೆ ಏನೂ ಆಗಿಲ್ಲ, ‘ಡೀಪ್ಲಿ ಕನ್ಸರ್ನ್ಡ್’ ಎಂದರೆ ಏನೂ ಆಗುವುದಿಲ್ಲ.

ಈಗ ತಂಗಿಯ ಮಗಳು ಐಇಎಲ್‌ಟಿಎಸ್‌ಗೆ ತಯಾರಾಗುತ್ತಿದ್ದಾಳೆ. ಮೊನ್ನೆ ಅಭ್ಯಾಸದ ಕಾರ್ಡಿನಲ್ಲಿ, ನೀವು ಸವಿದ ಒಂದು ಊಟದ ಬಗ್ಗೆ ಎರಡು ನಿಮಿಷ ಮಾತಾಡಿ ಎಂದಿತ್ತು. “ಮಾವ, ಮೊದಲು ನೀವು ಹೇಳಿ ತೋರಿಸಿ” ಎಂದಳು. ನಾನು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದೆ: ಭೋಜನವು ಸೌಹಾರ್ದಯುತ ವಾತಾವರಣದಲ್ಲಿ ನಡೆಯಿತು, ಎರಡನೇ ಹೋಳಿಗೆಯ ಪ್ರಸ್ತಾಪವನ್ನು ಬಡಿಸುವವರು ಪುನರುಚ್ಚರಿಸಿದರು, ಅತಿಥಿಗಳು ಹಿಂಜರಿಕೆ ವ್ಯಕ್ತಪಡಿಸಿದರೂ ಕೊನೆಗೆ ತುಪ್ಪದ ಷರತ್ತಿನ ಮೇಲೆ ಒಡಂಬಡಿಕೆ ಏರ್ಪಟ್ಟಿತು.

“ಅದೆಲ್ಲ ಸರಿ ಮಾವ, ಹೋಳಿಗೆ ಹೇಗಿತ್ತು?”

ಮಾತುಕತೆ ಮುಂದುವರಿದಿದೆ ಎಂದೆ.